ಬಂದರಿಲ್ಲದ ಊರಿನ ದಂಡೆಯಾತ್ರೆ: ಒಂದು ಶಾಸ್ತ್ರೀಯ ವಿವೇಚನೆ

ಪೀಠಿಕೆ

ಹಡಗು ಬಂದರಿಗೆ ಬಂದು ನಿಂತಾಗ ಇಳಿದು, ಬಸ್ಸು ಹತ್ತಿ, ಗುಡ್ಡದ ಮೇಲಿನ ಊರೊಂದನ್ನು ಮುಟ್ಟಿ, ಹಡಗು ಹೊರಡುವ ಮುಂಚೆ ಬೆವರೊರೆಸಿಕೊಳ್ಳುತ್ತ ವಾಪಸು ಬರುವ ಮನುಷ್ಯಕೃತ್ಯಕ್ಕೆ ದಂಡೆಯಾತ್ರೆ ಎಂದು ಹೆಸರು. ಟ್ರಾವೆಲ್ ಏಜೆಂಟರ ಬಾಯಲ್ಲಿ ಇದು ಶೋರ್ ಎಕ್ಸ್‌ಕರ್ಷನ್, ಬೆಲೆ ಯೂರೋದಲ್ಲಿ. ಇಟಲಿಯ ಲಿವೋರ್ನೊ, ಚಿವಿತವೆಕ್ಕಿಯಾ ಬಂದರುಗಳಲ್ಲಿ ಈ ವಿದ್ಯೆ ಪರಾಕಾಷ್ಠೆ ಮುಟ್ಟಿದೆಯೆಂದು ಬಲ್ಲವರೆಲ್ಲ ಒಪ್ಪುತ್ತಾರೆ. ಆದರೆ ಅದರ ಮೂಲತತ್ವ ಅಡಗಿರುವುದು ಪುಣೆಯ ವಿಮಾನ ನಗರದಲ್ಲಿ ಎಂಬುದು ವಿದ್ವಾಂಸರ ಕಣ್ಣಿಗೆ ಬಿದ್ದಿಲ್ಲ. ಅದನ್ನು ಸಾಧಿಸಿ ತೋರಿಸುವುದೇ ಪ್ರಸ್ತುತ ಪ್ರಬಂಧದ ಉದ್ದೇಶ.

ಇಲ್ಲಿ ಪೂರ್ವಪಕ್ಷದವರು ಎದ್ದು ನಿಂತು, ವಿಮಾನ ನಗರದಲ್ಲಿ ಸಮುದ್ರ ಎಲ್ಲಿದೆ ಎಂದು ಕೇಳಬಹುದು. ಇಲ್ಲ. ಹತ್ತಿರದ ದೊಡ್ಡ ಹಡಗುಕಟ್ಟೆ ಮುಂಬಯಿಯಲ್ಲಿದೆ, ಘಟ್ಟ ಇಳಿದು ಹೋಗಬೇಕು. ಇರುವುದೊಂದು ಲೋಹಗಾಂವದ ವಿಮಾನ ನಿಲ್ದಾಣ. ಅದೂ ವಾಯುಸೇನೆಯದು, ನಮ್ಮಂಥವರಿಗೆ ಒಂದು ಬದಿಯಲ್ಲಿ ಜಾಗ ಮಾಡಿಕೊಟ್ಟಿದ್ದಾರೆ. ಆದರೆ ಹಡಗಿರಬೇಕಾದರೆ ಸಮುದ್ರವಿರಲೇಬೇಕು ಎಂಬುದು ಲೌಕಿಕರ ಭ್ರಮೆ. ಅದನ್ನು ಮುಂದಿನ ಅಧ್ಯಾಯದಲ್ಲಿ ಖಂಡಿಸಲಾಗುವುದು.

ಅಧ್ಯಾಯ ಒಂದು: ಹಡಗಿನ ಲಕ್ಷಣ

ಹಡಗೆಂದರೆ ಯಾವುದು? ಸಾವಿರಾರು ಜನ ಸಣ್ಣ ಸಣ್ಣ ಕೋಣೆಗಳಲ್ಲಿ ಒಬ್ಬರ ತಲೆಯ ಮೇಲೊಬ್ಬರು ವಾಸಿಸುವ, ಒಳಗೆ ಈಜುಕೊಳ, ಜಿಮ್ಮು, ತಂಬೋಲಾ ಇರುವ, ಒಳಹೋಗಲು ಕಾರ್ಡು ತೋರಿಸಬೇಕಾದ, ಸುತ್ತ ಎಷ್ಟು ನೀರಿದ್ದರೂ ಕುಡಿಯುವ ನೀರಿಗೆ ಬೇರೆ ವ್ಯವಸ್ಥೆ ಬೇಕಾದ ರಚನೆಯೇ ಹಡಗು. ಈ ಲಕ್ಷಣಗಳೆಲ್ಲ ನಗರ ರೋಡಿನ ಆಸುಪಾಸಿನ ಯಾವ ಹೌಸಿಂಗ್ ಸೊಸೈಟಿಗೂ ಅನ್ವಯಿಸುತ್ತವೆ. ಕುಡಿಯುವ ನೀರು ಟ್ಯಾಂಕರಿನಲ್ಲಿ ಬರುತ್ತದೆ. ಗೇಟಿನಲ್ಲಿ ವಾಚ್‌ಮನ್ನು ಮೊಬೈಲ್ ನಂಬರ್ ಬರೆಸಿಕೊಳ್ಳುತ್ತಾನೆ. ಮೆಂಟೆನನ್ಸ್ ಕೊಟ್ಟಿರದಿದ್ದರೆ ಕ್ಲಬ್‌ಹೌಸಿಗೆ ಪ್ರವೇಶವಿಲ್ಲ. ವ್ಯತ್ಯಾಸ ಒಂದೇ: ಹಡಗು ಮುಳುಗುವಾಗಲೂ ಕ್ಯಾಪ್ಟನ್ ಹಡಗಿನಲ್ಲೇ ಇರಬೇಕು, ನಮ್ಮ ಸೊಸೈಟಿಯ ಸೆಕ್ರೆಟರಿ ವಾರ್ಷಿಕ ಸಭೆಯ (ಎಜಿಎಂ) ದಿನ ತಪ್ಪದೆ ಸಾಂಗ್ಲಿಯಲ್ಲಿರುತ್ತಾರೆ.

ಹಡಗಿನವರು ಸುಮ್ಮಸುಮ್ಮನೆ ಇಳಿಯುವುದಿಲ್ಲ. ಎಲ್ಲವೂ ಮೇಲೆಯೇ ಬರುತ್ತದೆ: ಕೊತ್ತಂಬರಿ ಸೊಪ್ಪು ಹತ್ತು ನಿಮಿಷದಲ್ಲಿ, ಇಸ್ತ್ರಿ ಬಟ್ಟೆ ಸಂಜೆಗೆ. ತೀರಾ ಬೇಸರವಾದರೆ 2011ರಲ್ಲಿ ಬಾಗಿಲು ತೆರೆದ ಫೀನಿಕ್ಸ್ ಮಾಲ್ ಇದೆ. ಅದೂ ಇನ್ನೊಂದು ಹಡಗೇ. ಹೀಗಾಗಿ, ಗಾಂಧೀಜಿ 1942ರಿಂದ 1944ರವರೆಗೆ ಸೆರೆಯಲ್ಲಿದ್ದ, ಮಹಾದೇವ ದೇಸಾಯಿ ಮತ್ತು ಕಸ್ತೂರಬಾ ಕೊನೆಯುಸಿರೆಳೆದ ಆಗಾ ಖಾನ್ ಅರಮನೆ ಇಲ್ಲಿಂದ ಕೂಗಳತೆಯಲ್ಲೇ ಇದ್ದರೂ, ಧಾರವಾಡದಿಂದ ಬೀಗರು ಬರುವ ತನಕ ನಮ್ಮವರು ಅದರ ಗೇಟು ಕಂಡಿರುವುದಿಲ್ಲ. ಬೀಗರಿಲ್ಲದ ಮನೆಗಳು ಇಂದಿಗೂ ಕಂಡಿಲ್ಲ.

ಇಂಥ ಹಡಗಿನ ನಿವಾಸಿಗಳಿಗೆ ಭಾನುವಾರ ಬೆಳಿಗ್ಗೆ ಒಮ್ಮೆಲೇ ಗುಡ್ಡದ ಹಂಬಲ ಹುಟ್ಟುತ್ತದೆ. ಟೆಂಪೋ ಟ್ರಾವೆಲರ್ ಬುಕ್ಕಾಗುತ್ತದೆ. ಇದು ದಂಡೆಯಾತ್ರೆಯಲ್ಲದೆ ಮತ್ತೇನು?

ಅಧ್ಯಾಯ ಎರಡು: ಇತಿಹಾಸ, ಅಥವಾ ಪುರಸೊತ್ತಿದ್ದ ಒಬ್ಬ ಇಟಲಿಯವನು

ಕನ್ನಡನಾಡಿನ ಗುಡ್ಡದ ಊರಿಗೆ ದಂಡೆಯಿಂದ ಹತ್ತಿ ಹೋದ ಇಟಲಿಯವರ ಪೈಕಿ ನಮಗೆ ಬೇಕಾದವನು ರೋಮಿನ ಪಿಯೆತ್ರೊ ದೆಲ್ಲಾ ವಾಲೆ. 1623ರಲ್ಲಿ ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಹಡಗಿನಲ್ಲಿ ಹೊರಟು ಹೊನ್ನಾವರದಲ್ಲಿ ಇಳಿದ. ಅಲ್ಲಿಂದ ಶರಾವತಿಯಲ್ಲಿ ದೋಣಿ, ಗೇರುಸೊಪ್ಪೆ, ಘಟ್ಟ, ಕೊನೆಗೆ ವೆಂಕಟಪ್ಪ ನಾಯಕನ ಇಕ್ಕೇರಿ. ದಾರಿಯಲ್ಲಿ ಒಂದು ದೇವಸ್ಥಾನದ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರವಿ, ಬೆರಳಲ್ಲಿ ಬರೆಯುತ್ತ, ಬರೆದದ್ದನ್ನೇ ರಾಗವಾಗಿ ಹೇಳುತ್ತ ಲೆಕ್ಕ ಕಲಿಯುವುದನ್ನು ಕಂಡು, ನಿಂತು, ಕೇಳಿ ತಿಳಿದುಕೊಂಡು ಬರೆದಿಟ್ಟ. ಮುಂದೆ ಮಂಗಳೂರಿನ ಕಡೆಗೆ ಇಳಿದು, ಕಾಲುವೆ ಕೆಲಸ ನೋಡಲು ಬರಿಗಾಲಲ್ಲಿ ಹೊರಟಿದ್ದ ಉಳ್ಳಾಲದ ರಾಣಿಯನ್ನು ಹಾದಿಯಲ್ಲೇ ಮಾತಾಡಿಸಿದ.

ಆಧುನಿಕ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಇದು ದೋಷಪೂರ್ಣ ಯಾತ್ರೆ. ಮಕ್ಕಳ ಪಾಠ ನೋಡಲು ನಿಲ್ಲುವುದು ಇಟಿನರರಿಯಲ್ಲಿ ಇರಲಿಲ್ಲ. ರಾಣಿಯ ಜೊತೆ ಮಾತು ಎಂಬ ಐಟಂ ಅನ್ನು ಯಾವ ಪ್ಯಾಕೇಜೂ ಕೊಡುವುದಿಲ್ಲ. ಎದೆಗೆ ಸ್ಟಿಕ್ಕರ್ ಇಲ್ಲ, ಮುಂದೆ ಬಾವುಟ ಹಿಡಿದ ಗೈಡಿಲ್ಲ, ಎಷ್ಟು ಗಂಟೆಗೆ ಎಲ್ಲಿ ಸೇರಬೇಕೆಂಬ ಸೂಚನೆಯಿಲ್ಲ. ಲಗೇಜಿನ ವಿಷಯದಲ್ಲೂ ಆತ ಮಾದರಿಯಲ್ಲ: ಪರ್ಷಿಯಾದಲ್ಲಿ ತೀರಿಕೊಂಡ ಹೆಂಡತಿಯ ದೇಹವನ್ನು ವರ್ಷಗಟ್ಟಲೆ ಜೋಪಾನ ಮಾಡಿ ರೋಮಿನವರೆಗೂ ಸಾಗಿಸಿದವನು. ನಮ್ಮ ಬಿ ವಿಂಗಿನವರು ಒಂದು ಉಪ್ಪಿನಕಾಯಿ ಭರಣಿ ಯಾರ ಕಾಲ ಬುಡದಲ್ಲಿಡಬೇಕೆಂದು ಅರ್ಧ ತಾಸು ವಾದಿಸುತ್ತಾರೆ.

ಇನ್ನು ಇಟಲಿಯ ಗುಡ್ಡದೂರುಗಳ ವಿಷಯ. ಅವು ಗುಡ್ಡದ ತಲೆಯ ಮೇಲೇಕೆ ಕೂತವು? ಕೆಳಗಿನ ಜೌಗಿನಲ್ಲಿ ಮಲೇರಿಯಾ, ಬಯಲಿನಲ್ಲಿ ಶತ್ರುಗಳು. ಹೊರಗಿನವರು ಸುಲಭಕ್ಕೆ ಬರಬಾರದು ಎಂಬುದೇ ಕಟ್ಟಿದವರ ಮುಖ್ಯ ಆಲೋಚನೆ. ಸಾನ್ ಜಿಮಿನ್ಯಾನೊದ ಶ್ರೀಮಂತರು ಅದೂ ಸಾಲದೆಂದು ಒಬ್ಬರ ಮೇಲೊಬ್ಬರು ಜಿದ್ದಿನಿಂದ ಕಲ್ಲಿನ ಗೋಪುರ ಎಬ್ಬಿಸಿದರು. ಒಂದು ಕಾಲಕ್ಕೆ ಎಪ್ಪತ್ತೆರಡಿದ್ದವಂತೆ, ಈಗ ಉಳಿದಿರುವುದು 14. ಇಂಥ ಕೋಟೆಯನ್ನು ದಿನಾ ಬೆಳಿಗ್ಗೆ ನೀರಿನ ಬಾಟಲಿ ಹಿಡಿದವರು ಗೆದ್ದು, ಮಧ್ಯಾಹ್ನಕ್ಕೆ ಬಿಟ್ಟುಕೊಡುತ್ತಾರೆ. ಲಿವೋರ್ನೊದಲ್ಲಿ ಇಳಿದ ಬಸ್ಸಿನವರಿಗೆ ಊರಲ್ಲಿ ಒಂದು ತಾಸು ಬಿಡುವು ಎಂದಿಟ್ಟುಕೊಂಡರೂ ಗೋಪುರಕ್ಕೆ ನಾಲ್ಕು ನಿಮಿಷದ ಮೇಲೆ ಚೂರು ಬೀಳುತ್ತದೆ, ಐಸ್‌ಕ್ರೀಮಿನ ಸಾಲು ಬಿಟ್ಟು.

ಮೆಡಿಟರೇನಿಯನ್ ಕ್ರೂಸ್ ಮುಗಿಸಿ ಬಂದ ಹುಬ್ಬಳ್ಳಿ ಮೂಲದ ಹಿರಿಯರೊಬ್ಬರನ್ನು ಪ್ರಬಂಧಕಾರರು ಈ ಬಗ್ಗೆ ಸಂದರ್ಶಿಸಿದರು.

"ಕಾಕಾ, ಆ ಊರಾಗ ಗೋಪುರ ಎಷ್ಟಿದ್ವು?"

"ಗೋಪುರ ಯಾರ್ ಎಣಸ್ತಾರೋ ಮಾರಾಯಾ? ನಮ್ಮ ಬಸ್ಸಿನ ಮಂದೀನ್ನ ಎಣಸೂದರಾಗ ಹೊತ್ತು ಹೋತು."

ಈ ಹೇಳಿಕೆಯೇ ನಮ್ಮ ಸಿದ್ಧಾಂತಕ್ಕೆ ಆಧಾರಸ್ತಂಭ. ದಂಡೆಯಾತ್ರೆಯ ವಿಷಯ ಊರಲ್ಲ, ಮರಳುವುದು. ಹಡಗಿನವರೇ ನಡೆಸುವ ಯಾತ್ರೆಯ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಸ್ವಂತ ಟ್ಯಾಕ್ಸಿ ಮಾಡಿ ಹೋದವನಿಗೆ ಕಾಯುವುದಿಲ್ಲ, ಮುಂದಿನ ಬಂದರಿಗೆ ತನ್ನ ಖರ್ಚಿನಲ್ಲಿ ಓಡಿ ಹಿಡಿಯಬೇಕು. ಹೆಚ್ಚಿನ ಹಣ ಕೊಡುವುದು ಊರು ನೋಡುವುದಕ್ಕಲ್ಲ, ಈ ಭಯದಿಂದ ಮುಕ್ತಿಗೆ.

ಅಧ್ಯಾಯ ಮೂರು: ಮಹಾಬಳೇಶ್ವರ ಮೀಮಾಂಸೆ

ವಿಮಾನ ನಗರದಿಂದ ಮಹಾಬಳೇಶ್ವರಕ್ಕೆ ಒಂದೇ ದಿನದಲ್ಲಿ ಹೋಗಿ ಬರಬಹುದೇ ಎಂಬ ಪ್ರಶ್ನೆಯ ಮೇಲೆ ಎರಡು ಪಂಥಗಳಿವೆ. ಬೆಳಿಗ್ಗೆ ಐದಕ್ಕೆ ಹೊರಟರೆ ಆಗುತ್ತದೆ ಎನ್ನುವುದು ಎ ವಿಂಗ್ ಪಂಥ. ಐದಕ್ಕೆ ಯಾರೂ ಹೊರಡುವುದಿಲ್ಲ ಎನ್ನುವುದು ಬಿ ವಿಂಗ್ ಪಂಥ. ಅನುಭವ ಬಿ ವಿಂಗಿನ ಪರವಾಗಿದೆ. ಐದೂಮುಕ್ಕಾಲಿಗೆ ಒಬ್ಬರು ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಹನ್ನೊಂದನೇ ಮಹಡಿಗೆ ವಾಪಸು ಹೋಗುತ್ತಾರೆ. ಅವರನ್ನು ಕರೆತರಲು ಹೋದವರು ಚಹಾ ಕುಡಿದು ಬರುತ್ತಾರೆ.

ತಿಂಡಿಯ ವಿಷಯದಲ್ಲಿ ಭಿನ್ನಾಭಿಪ್ರಾಯ ಇನ್ನೂ ಆಳವಾದದ್ದು. ಸುರೂರ್ ಫಾಟಾದಲ್ಲಿ ಹೆದ್ದಾರಿ ಬಿಟ್ಟು, ವಾಯಿ ದಾಟಿ, ಪಸರಣಿ ಘಾಟಿನ ತಿರುವುಗಳು ಶುರುವಾಗುತ್ತವೆ. ಘಾಟಿಗೆ ಮುಂಚೆ ತಿಂದರೆ ತಿಂದದ್ದು ನಿಲ್ಲುವುದಿಲ್ಲ. ಘಾಟಾದ ಮೇಲೆ ತಿನ್ನೋಣವೆಂದರೆ ಅಲ್ಲಿಯವರೆಗೆ ಮಂದಿ ನಿಲ್ಲುವುದಿಲ್ಲ. ಆದ್ದರಿಂದ ವಾಯಿಯಲ್ಲಿ ಕೃಷ್ಣಾ ದಂಡೆಯ ಮೇಲೆ, ಢೋಲ್ಯಾ ಗಣಪತಿಯ ಸಮ್ಮುಖದಲ್ಲಿ, ಸ್ಟೀಲಿನ ಡಬ್ಬಿಗಳು ತೆರೆದುಕೊಳ್ಳುತ್ತವೆ. ಕಟಕಟಿ ಜೋಳದ ರೊಟ್ಟಿ, ಮೇಲೆ ಶೇಂಗಾ ಹಿಂಡಿ, ಅದರ ಮೇಲೆ ಬೆರಳಿಂದ ಒಂದು ಕುಣಿ ಮಾಡಿ ಕುಸುಬಿ ಎಣ್ಣೆ, ಬದಿಗೆ ಗುರೆಳ್ಳು ಪುಡಿ ಹಚ್ಚಿದ ಸೌತೆಕಾಯಿ. ಗಾಳಿಗೆ ಹಿಂಡಿ ಹಾರಿ ಕಣ್ಣಿಗೆ ಬೀಳದಂತೆ ಹೆಗಲ ಟಾವೆಲ್ ಅಡ್ಡ ಹಿಡಿಯುವ ಕೆಲಸ ಅಳಿಯಂದಿರದು. ಈ ನಲವತ್ತು ನಿಮಿಷವೇ ಇಡೀ ಯಾತ್ರೆಯಲ್ಲಿ ಯಾರೂ ಗಡಿಯಾರ ನೋಡದ ಹೊತ್ತು ಎಂಬುದನ್ನು ಪ್ರಬಂಧಕಾರರು ಖಚಿತವಾಗಿ ಹೇಳಬಲ್ಲರು.

ಇದೇ ವಾಯಿಯಲ್ಲಿ ತರ್ಕತೀರ್ಥ ಲಕ್ಷ್ಮಣಶಾಸ್ತ್ರಿ ಜೋಶಿಯವರು ಕೂತು ಮರಾಠಿ ವಿಶ್ವಕೋಶ ಕಟ್ಟಿದರು. ಪಕ್ಕದ ಮೇಣವಲಿಯಲ್ಲಿ ನಾನಾ ಫಡ್ನವೀಸನ ವಾಡೆ ಇದೆ; ಅದರ ಹಿಂದಿನ ಘಾಟಿನ ಗುಡಿಯಲ್ಲಿ, ಚಿಮಾಜಿ ಅಪ್ಪಾ 1739ರಲ್ಲಿ ವಸಯಿಯನ್ನು ಗೆದ್ದಾಗ ಪೋರ್ಚುಗೀಸರ ಇಗರ್ಜಿಯಿಂದ ಬಂದ ದೊಡ್ಡ ಗಂಟೆ ತೂಗುತ್ತದೆ. ಯುರೋಪಿನ ಗಂಟೆಯೊಂದು ಗುಡ್ಡದ ಬುಡಕ್ಕೆ ಬಂದು, ಹಿಂದಿರುಗುವ ಯೋಚನೆಯಿಲ್ಲದೆ ನೆಲೆ ನಿಂತ ಈ ನಿದರ್ಶನವನ್ನು ನೋಡಲು ಟೆಂಪೋ ನಿಲ್ಲಿಸುವಂತೆ ಕೋರಲಾಯಿತು. ಡ್ರೈವರು ನಿಲ್ಲಿಸಲಿಲ್ಲ. "ಪಾಯಿಂಟ್ ನಹೀ ಹೈ ಸಾಬ್," ಎಂದ.

ಪಾಯಿಂಟ್ ಎಂಬುದು ಇಲ್ಲಿ ಪಾರಿಭಾಷಿಕ ಪದ. ಕಂಬಿಯ ಬೇಲಿ, ಬಾಡಿಗೆ ಕುದುರೆ, ಕೆಂಡದ ಮೇಲೆ ಸುಡುವ ಗೋವಿನಜೋಳ, ಮಂಜು ಇವು ನಾಲ್ಕೂ ಕೂಡಿದ ಸ್ಥಳವೇ ಪಾಯಿಂಟ್. ಕಣಿವೆ ಕಂಡರೆ ಲಾಭ. ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಮ್ 1820ರ ದಶಕದ ಕೊನೆಯಲ್ಲಿ ಸಾತಾರಾದ ಮಹಾರಾಜರಿಂದ ಈ ಜಾಗ ಪಡೆದು ಬಿಳಿಯರ ಬೇಸಿಗೆ ಊರು ಮಾಡಿದ. ಒಂದು ಬಂಡೆಗೆ ಅವನ ಮಗಳು ಕೇಟಳ ಹೆಸರು. ಇನ್ನೊಂದಕ್ಕೆ 1824ರಲ್ಲಿ ಹತ್ತಿ ಬಂದ ಲಾಡ್ವಿಕ್‌ನ ಹೆಸರು. ಉಳಿದವು ಆರ್ಥರ್, ಎಲ್ಫಿನ್‌ಸ್ಟನ್, ವಿಲ್ಸನ್, ಬ್ಯಾಬಿಂಗ್ಟನ್. ಅವರೆಲ್ಲ ಬೇಸಿಗೆಗೆ ಬಂದರೆ ವಾರಗಟ್ಟಲೆ ಝಾಂಡಾ ಹೂಡುತ್ತಿದ್ದರು. ಮೂರು ತಾಸಿನಲ್ಲಿ ಆರು ಬಿಳಿಯರನ್ನು ಮುಗಿಸುವ ಸಾಮರ್ಥ್ಯ ಸ್ವತಂತ್ರ ಭಾರತದ ಸಾಧನೆ.

ಸಿದ್ಧಾಂತಕ್ಕೆ ಬಿದ್ದ ದೊಡ್ಡ ಪೆಟ್ಟನ್ನು ಇಲ್ಲಿ ಮುಚ್ಚಿಡುವಂತಿಲ್ಲ. ಹಳೇ ಮಹಾಬಳೇಶ್ವರದ ಪಂಚಗಂಗಾ ಗುಡಿಯಲ್ಲಿ ಕೃಷ್ಣಾ, ಕೊಯ್ನಾ, ವೆಣ್ಣಾ, ಸಾವಿತ್ರಿ, ಗಾಯತ್ರಿ ನದಿಗಳು ಕೂಡಿ ಕಲ್ಲಿನ ಗೋಮುಖದಿಂದ ಬೀಳುತ್ತವೆಂದು ನಂಬಿಕೆ. ತಂಡದಲ್ಲಿ ಜಮಖಂಡಿ ಕಡೆಯ ಒಬ್ಬ ಅಜ್ಜಿ ಇದ್ದರು. ಬಾಟಲಿ ತುಂಬಿಸಿಕೊಂಡು ಮೊಮ್ಮಗನನ್ನು ಕೇಳಿದರು:

"ಇದ ಏನೋ ನಮ್ಮೂರ ಹೊಳಿ?"

"ಹೂಂ ಅಜ್ಜಿ, ಇಲ್ಲೇ ಹುಟ್ಟತೈತಿ."

ಅಜ್ಜಿ ಆ ಕಲ್ಲಿನ ಆಕಳ ಮುಖವನ್ನು ಬಹಳ ಹೊತ್ತು ನೋಡಿದರು. "ಇಷ್ಟ ಸಣ್ಣ ಬಾಯಿ ಐತಲ್ಲೋ. 2019ರಾಗ ನಮ್ಮ ಹೊಲಾ ಪೂರಾ ನುಂಗಿದ್ದು ಇದ ಏನು?"

ಮೊಮ್ಮಗ ಮಹಾಬಳೇಶ್ವರದ ಮಳೆ, ವರ್ಷಕ್ಕೆ ಐದು ಸಾವಿರ ಮಿಲಿಮೀಟರಿನ ಮೇಲೆ, ಕೊಯ್ನಾ ಆಣೆಕಟ್ಟಿನ ನೀರು, ಹಿಪ್ಪರಗಿ, ಆಲಮಟ್ಟಿ ಎಲ್ಲ ವಿವರಿಸತೊಡಗಿದ. ಅಜ್ಜಿ ಕಟ್ಟೆಯ ಮೇಲೆ ಕೂತುಬಿಟ್ಟರು. ಡ್ರೈವರು ಹಾರ್ನ್ ಹೊಡೆದ. "ಹೊಡೀಲಿ ಬಿಡು. ಜೀವಮಾನಾ ಪೂರ್ತಿ ನಮ್ಮನಿ ಬಾಗಲಿಗೆ ಬಂದಾಳ ಇಕಿ, ನಾ ಇಕಿ ತವರಿಗೆ ಒಮ್ಮಿ ಬಂದೀನಿ. ಎರಡ ಮಾತಾಡಿ ಬರ್ತೀನಿ." ಎರಡು ಮಾತು ಎಷ್ಟು ಹೊತ್ತು ನಡೆಯಿತೆಂದರೆ ವಿಲ್ಸನ್ ಮತ್ತು ಬ್ಯಾಬಿಂಗ್ಟನ್ ಇಬ್ಬರೂ ಪಟ್ಟಿಯಿಂದ ಬಿದ್ದುಹೋದರು. ಎ ವಿಂಗ್ ಪಂಥ ಇದನ್ನು ಶಿಸ್ತುಭಂಗವೆಂದು ದಾಖಲಿಸಿದೆ. ಪ್ರಬಂಧಕಾರರು ಸಹಿ ಹಾಕಿಲ್ಲ.

ಅಧ್ಯಾಯ ನಾಲ್ಕು: ಊರು

ಮಹಾಬಳೇಶ್ವರದ ಊರಿನ ಬಗ್ಗೆ ವಿಸ್ತಾರವಾಗಿ ಬರೆಯುವುದಿತ್ತು. ಹೊತ್ತಾಯಿತು. ಪೇಟೆ ಚೆನ್ನಾಗಿದೆ, ಹುರಿಗಡಲೆ, ಚರ್ಮದ ಚಪ್ಪಲಿ, ಊರುಗೋಲು ಸಿಗುತ್ತವೆ.

ಅಧ್ಯಾಯ ಐದು: ವಿಲೋಮ ದಂಡೆಯಾತ್ರೆ ಮತ್ತು ಮರಳುವಿಕೆ

ತಿರುಗುಮುರುಗಾದ ಪ್ರಯೋಗವೂ ನಮ್ಮಲ್ಲೇ ನಡೆಯುತ್ತಿದೆ. ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶಿ ಪ್ರವಾಸಿ ಹಡಗು ಬಂದ ದಿನ ಯಕ್ಷಗಾನದ ವೇಷ ಸ್ವಾಗತಿಸುತ್ತದೆ, ಬಸ್ಸುಗಳು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗುಡ್ಡದ ಮೇಲೆ 1432ರಿಂದ ನಿಂತಿರುವ ಗೊಮ್ಮಟನಿಗೆ, ಗೇರುಬೀಜದ ಕಾರ್ಖಾನೆಗೆ ಓಡುತ್ತವೆ. ಸಂತ ಅಲೋಶಿಯಸ್ ಚಾಪೆಲ್ಲೂ ಪಟ್ಟಿಯಲ್ಲಿರುತ್ತದೆ. ಅದರ ಗೋಡೆ, ಚಾವಣಿಗಳಿಗೆ 1900ರ ಆಸುಪಾಸಿನಲ್ಲಿ ಬಣ್ಣ ಹಚ್ಚಿದವನು ಆಂತೋನಿಯೊ ಮೊಸ್ಕೆನಿ, ಗುಡ್ಡದ ಮೇಲಿನ ಹಳೇ ಊರಿಗೆ ಹೆಸರಾದ ಬೆರ್ಗಮೊದ ಸೀಮೆಯವನು. ಬೆರ್ಗಮೊದವನೊಬ್ಬ ಕ್ರೂಸ್ ಹತ್ತಿ ಬಂದನೆನ್ನಿ: ಅರ್ಧ ಪ್ರಪಂಚ ಸುತ್ತಿ, ತನ್ನ ಸೀಮೆಯವನು ಪುರುಸೊತ್ತಾಗಿ ಮಾಡಿದ ಕೆಲಸವನ್ನು ಇಪ್ಪತ್ತು ನಿಮಿಷದಲ್ಲಿ ನೋಡಿ, ಗೋಡಂಬಿ ಪೊಟ್ಟಣ ಹಿಡಿದು ಹಡಗಿಗೆ ಓಡುತ್ತಾನೆ.

ಕೊನೆಯದಾಗಿ ಒಂದು ಕಠಿಣ ಆಕ್ಷೇಪ. ಇಟಲಿಯಲ್ಲಿ ಓಡುವುದು ಹಡಗು ಹೊರಟುಹೋಗುತ್ತದೆಂದು. ಸೊಸೈಟಿ ಎಲ್ಲಿಗೂ ಹೋಗುವುದಿಲ್ಲ. ಹಾಗಾದರೆ ನಮ್ಮವರು ಓಡುವುದೇಕೆ? ಸಂಜೆ ನಾಲ್ಕಕ್ಕೇ "ನಡೀರಿ ನಡೀರಿ" ಎಂಬ ಕೂಗು ಏಕೆ? ಓರ್ವಿಯೆತೊದಲ್ಲಿ ಏಳನೇ ಕ್ಲೆಮೆಂಟ್ ಪೋಪ್ ತೋಡಿಸಿದ ಸಂತ ಪ್ಯಾಟ್ರಿಕ್ ಬಾವಿಗೆ ಇಳಿಯಲು 248 ಮೆಟ್ಟಿಲು, ಹತ್ತಲು ಬೇರೆಯೇ 248 ಮೆಟ್ಟಿಲು. ನೀರು ತರಲು ಇಳಿವ ಕತ್ತೆ, ಹೊತ್ತು ಬರುವ ಕತ್ತೆಗೆ ಎದುರಾಗಬಾರದೆಂದು. ಪಸರಣಿ ಘಾಟಿಗೆ ಆ ಸೌಕರ್ಯ ಬಂದಿಲ್ಲ. ಭಾನುವಾರ ಸಂಜೆ ಇಳಿಯುವವರಿಗೂ ಹತ್ತುವವರಿಗೂ ಕಿಟಕಿಯಿಂದಲೇ ಪರಿಚಯವಾಗಿ, ಕುಲಗೋತ್ರ ವಿಚಾರಿಸುವಷ್ಟು ಸಮಯ ಸಿಗುತ್ತದೆ. ಮುಂದೆ ಖೇಡ್ ಶಿವಾಪುರದ ಟೋಲ್ ನಾಕಾ, ಕಾತ್ರಜ್, ನಗರ ರೋಡ್. ಇಷ್ಟೆಲ್ಲ ಕಷ್ಟಪಟ್ಟು ಮರಳುವುದು ಯಾವ ಹಡಗು ಹಿಡಿಯಲು?

ಸಮಾಧಾನ: ಸೋಮವಾರ. ಅದು ಯಾರಿಗೂ ಕಾಯುವುದಿಲ್ಲ, ಕಂಪನಿಯವರೇ ನಡೆಸಿದ ಪಿಕ್‌ನಿಕ್ಕಿಗೆ ಹೋಗಿದ್ದರೂ ಕಾಯುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆಗೆ ಖರಾಡಿಯ ಆಫೀಸುಗಳ ಕಡೆಗೆ ಅದು ಹೊರಟೇಬಿಡುತ್ತದೆ.

ಅನುಬಂಧ

ಟೋಲ್ ಹಣವನ್ನು ತಲೆಗೆಷ್ಟು ಹಂಚಬೇಕೆಂಬ ಪ್ರಶ್ನೆ ಬಾಕಿ ಇದೆ. ಅಜ್ಜಿಯ ಕೃಷ್ಣಾ ಬಾಟಲಿಯ ಕೆಳಗೆ ಸಿಕ್ಕಿ ಬಿ ವಿಂಗಿನ ಎರಡು ಡಬ್ಬಿ ಸ್ಟ್ರಾಬೆರಿ ಜಜ್ಜಿಹೋದದ್ದಕ್ಕೆ ಅಷ್ಟನ್ನು ಮುರಿದುಕೊಳ್ಳುತ್ತೇವೆಂದು ಅವರ ವಾದ. ಸ್ಟ್ರಾಬೆರಿ ಕಾಲಡಿ ಇಟ್ಟದ್ದೇ ತಪ್ಪೆಂದು ಅಜ್ಜಿಯ ಕಡೆಯವರ ಪ್ರತಿವಾದ. ಸೆಕ್ರೆಟರಿಯವರು ವಿಷಯವನ್ನು ಮುಂದಿನ ಎಜಿಎಂನ ಕಾರ್ಯಸೂಚಿಗೆ, ಟ್ಯಾಂಕರ್ ಬಿಲ್ಲಿನ ಕೆಳಗೆ ಸೇರಿಸಿ, ಸಾಂಗ್ಲಿಗೆ ಟಿಕೆಟ್ ಬುಕ್ ಮಾಡಿದ್ದಾರೆ.