ಗೊರಬಲು ನ್ಯಾಯ

(ಜನವರಿ 2022. ಸೊರಬ ಬಸ್‌ ನಿಲ್ದಾಣದೆದುರಿನ ಹೋಟೆಲು. ಟಿ.ವಿ.ಯಲ್ಲಿ ನಿರೂಪಕನಿಗೆ ಮೈಮೇಲೆ ಬಂದಿದೆ.)

ಅಡಿಕೆ ಸಾಹುಕಾರ್ರು: ಕೇಳಿದ್ರಾ ಮೇಷ್ಟ್ರೇ? ಕೆಪಿಎಲ್ ಕ್ರಿಕೆಟ್ ಫಿಕ್ಸಿಂಗ್ ಕೇಸು ಹೈಕೋರ್ಟಲ್ಲಿ ರದ್ದಂತೆ! ಬಳ್ಳಾರಿ ತಂಡದ ಗೌತಮ್, ಖಾಜಿ ಬಚಾವ್!

ಮೇಷ್ಟ್ರು: 2019ರಲ್ಲಿ ಅವರನ್ನ ಹಿಡಿದ ಸಂಜೆನೇ ಈ ನಿರೂಪಕ ಶಿಕ್ಷೆ ಕೊಟ್ಟು ಮುಗಿಸಿದ್ನಲ್ಲ. ಇವತ್ತು ಕೋರ್ಟಿನ ಸರದಿ.

ಸಾಹುಕಾರ್ರು: ಹಂಗಾರೆ ಮೋಸನೇ ಅಲ್ವಾ?

ಮೇಷ್ಟ್ರು: ಅಪ್ರಾಮಾಣಿಕತೆ ಇರಬಹುದು, ಆದ್ರೆ 420 ಕೇಸು ಆಗಲ್ಲ ಅಂದಿದೆ ಕೋರ್ಟು. ಜನ ತಾವಾಗೇ ಟಿಕೆಟ್ ತಗೊಂಡ್ರು, ಯಾರೂ ಪುಸಲಾಯಿಸಿಲ್ಲ. ಶಿಸ್ತುಕ್ರಮ ಬೇಕಾದ್ರೆ ಬಿಸಿಸಿಐ ನೋಡ್ಕೊಳ್ಳಲಿ.

ಸಾಹುಕಾರ್ರು: ಎಂಥಾ ಮಾತು! ರಾಶಿ ಅಡಿಕೆ ಅಂದು ಕಳಪೆ ಗೊರಬಲು ತುಂಬಿದ್ರೆ?

ಹೋಟೆಲ್ ಭಟ್ರು: (ಚಾ ಸೋಸುತ್ತಾ) ಅದನ್ನ ನೀವೇ ಹೇಳ್ಬೇಕು.

ಸಾಹುಕಾರ್ರು: (ಕೇಳಿಸದವರಂತೆ) ನಾನಂತೂ ಟಿಕೆಟ್ ತಗೊಂಡಿಲ್ಲ. ಫೈನಲ್‌ನಲ್ಲಿ ಬಳ್ಳಾರಿ ಮೇಲೆ ಐದು ಸಾವಿರ ಕಟ್ಟಿದ್ದೆ. ಹುಬ್ಬಳ್ಳಿಯವರು 8 ರನ್ನಲ್ಲಿ ಗೆದ್ರು. ನನ್ನ ದುಡ್ಡಿಗೆ ನ್ಯಾಯ ಎಲ್ಲಿ?

ಮೇಷ್ಟ್ರು: ಹಿಂದಿನ ಬೆಂಚಲ್ಲಿ ದಫೇದಾರ್ರು ಕೂತಿದಾರೆ. ಒಂದು ದೂರು ಬರೆದುಕೊಡಿ.

ಸಾಹುಕಾರ್ರು: (ಲೋಟ ಇಟ್ಟು) ಛೆ, ಪಾಪದ ಹುಡುಗ್ರು ಕಣ್ರೀ! ಕೋರ್ಟೇ ಹೇಳಿದ್ಮೇಲೆ ನಾವ್ಯಾರು? ಭಟ್ರೇ, ಚಾನೆಲ್ ಬದಲಾಯಿಸಿ.