ಒಂದು ಹೆಚ್‌ಪಿ ಕಂಪ್ಯೂಟರ್

ಬೆಳಕವಾಡಿಯ ನಮ್ಮಣ್ಣನ ಮಗ ಗೇಮಿಂಗ್ ಕಂಪ್ಯೂಟರ್ ಜೋಡಿಸಲು ಹೊರಟಿದ್ದಾನೆ. ಬೆಂಗಳೂರಿನ ಎಸ್.ಪಿ. ರಸ್ತೆ ಸುತ್ತಿ ತಂದ ಪಟ್ಟಿ ಮದುವೆ ಜವಳಿಯದಕ್ಕಿಂತ ಉದ್ದ. ಮೊದಲಿಗೇ ಆರ್‌ಟಿಎಕ್ಸ್ 5090 ಗ್ರಾಫಿಕ್ಸ್ ಕಾರ್ಡು: 32 ಜಿಬಿ ಮೆಮೊರಿ, 575 ವ್ಯಾಟ್. ಪ್ರೊಸೆಸರು, ಫ್ಯಾನು ಸೇರಿದರೆ 746 ದಾಟೀತು. ಅಂದರೆ ಒಂದು ಹೆಚ್‌ಪಿ. ಅದಕ್ಕೇ 1,000 ವ್ಯಾಟಿನ ಪವರ್ ಸಪ್ಲೈ.

ಅಣ್ಣನಿಗೆ ಹೆಚ್‌ಪಿ ಎಂದರೆ ಪಂಪ್‌ಸೆಟ್ಟು. "ಎಷ್ಟಿಂಚು ನೀರು ಬತ್ತದ್ಲಾ?"

"ಹೊರಕ್ಕೆ ಬರಲ್ಲ ಕಣಪ್ಪ, ಒಳಗೇ ಸುತ್ತತದೆ. ಲಿಕ್ವಿಡ್ ಕೂಲಿಂಗು."

"ಗದ್ದೆಗಿಲ್ದ ನೀರು ಡಬ್ಬಕ್ಯಾಕ್ಲಾ?"

ಪಕ್ಕದ ಶಿವನಸಮುದ್ರದಲ್ಲಿ 1902ರಿಂದ ಕರೆಂಟು ಹುಟ್ಟುತ್ತಿದೆ; ಮೊದಲು ಓಡಿದ್ದು ಕೋಲಾರದ ಚಿನ್ನದ ಗಣಿಗೆ. ಕಾರ್ಡಿನ ಬೆಲೆ ಕೇಳಿದರೆ ಇದೂ ಗಣಿ ಬಾಬತ್ತೇ. ಅಣ್ಣನೂ ಕೇಳಿದ. ಈಗ ಪಟ್ಟಿಯಲ್ಲಿ ಉಳಿದಿರುವುದು ಮೌಸ್‌ಪ್ಯಾಡು.