ಸೈಕಲ್ ಹತ್ತಿದರೆ ಶುಗರ್ರು

ಐರ್ಲೆಂಡ್ ಕಡೆ ಜೌಗುನೆಲದ ರಕ್ಷಿತ ಪ್ರದೇಶಗಳಲ್ಲಿ, ಸಪಾಟು ರಸ್ತೆ ಹಿಡಿದು ಜನ ಗಂಟೆಗಟ್ಟಲೆ ಸೈಕಲ್ ತುಳಿಯುತ್ತಾರಂತೆ. ಯಾರೂ ಮಾತಾಡಿಸುವುದಿಲ್ಲವಂತೆ. ನಮ್ಮೂರು ನ್ಯಾಮತಿಯಲ್ಲಿ ಆ ಭಾಗ್ಯ ಎಲ್ಲಿಯದು? ಊರು ದಾಟುವ ಮೊದಲೇ ವಿಚಾರಣೆ ಶುರು.

"ಯಾಕ್ ಸಾರ್, ಬೈಕ್ ಕೆಟ್ಟೈತಾ?"

ಇಲ್ಲವೆಂದರೆ, "ಶುಗರ್ ಬಂತಾ?" ಅದೂ ಇಲ್ಲವೆಂದರೆ, "ಪಾಪ, ಹೇಳ್ಕಳಕ್ಕೆ ನಾಚಿಕೆ" ಎಂದು ಅವರೇ ರೋಗ ನಿಗದಿ ಮಾಡಿ ಕಳಿಸುತ್ತಾರೆ.

2006-07ರಿಂದ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಹಂಚಿತಲ್ಲ, ಅಲ್ಲಿಂದ ಸೈಕಲ್ಲೆಂದರೆ ಎಂಟನೇ ಕ್ಲಾಸಿನ ಆಸ್ತಿ. ತಲೆ ನರೆತವನು ತುಳಿದರೆ, ಎಷ್ಟು ವರ್ಷದಿಂದ ಫೇಲಾಗುತ್ತಿದ್ದಾನೋ ಎಂಬ ಅನುಮಾನ!

ತುಂಗಭದ್ರೆಯ ಬಯಲೇನೋ ಸಪಾಟೇ. ಆದರೆ ಹೊನ್ನಾಳಿಗೆ ಹೋಗುವಾಗ ಬೆನ್ನು ತಟ್ಟಿದ ಆಷಾಢದ ಗಾಳಿ, ಮರಳುವಾಗ ನೆಂಟರನ್ನು ಬಿಡದ ಅತ್ತೆಯಂತೆ ಎದುರು ನಿಂತು ತಡೆಯುತ್ತದೆ. ಸುಗ್ಗಿ ಬಂದರೆ ಅರ್ಧ ರಸ್ತೆ ಒಣಹಾಕಿದ ಮೆಕ್ಕೆಜೋಳಕ್ಕೆ, ಉಳಿದರ್ಧ ಟ್ರ್ಯಾಕ್ಟರಿಗೆ. ನಮಗೆ ಅಂಚಿನ ಜಾಲಿಮುಳ್ಳು. ಗಾಲಿ ಕಾಳಿಗೆ ತಾಗಿದರೆ ಗದರಿಕೆ: "ಅಣ್ಣಾ, ಹೊಲ ಖಾಲಿ ಐತೆ, ಅಲ್ಲಿ ಹೊಡಿ!"

ನಿಶ್ಶಬ್ದವೇ ಬೇಕೆಂದರೆ ಜಗಳೂರಿನ ರಂಗಯ್ಯನದುರ್ಗದ ಕಡೆ ಹೋಗಬೇಕು. 2011ರಲ್ಲಿ ಅಲ್ಲಿನ ಕುರುಚಲು ಕಾಡು ಕೊಂಡುಕುರಿಗಳ ವನ್ಯಜೀವಿಧಾಮವಾಯಿತು. ಗಂಡು ಕೊಂಡುಕುರಿಗೆ ತಲೆ ಮೇಲೆ ನಾಲ್ಕು ಕೊಂಬು. ಆದರೂ ಮನುಷ್ಯನನ್ನು ಕಂಡರೆ ದಾರಿ ಬಿಟ್ಟು ಪೊದೆ ಸೇರುವ ಸಂಕೋಚದ ಪ್ರಾಣಿ. ಸೈಕಲ್ಲಿಗೆ ದಾರಿ ಬಿಡದ ನಮ್ಮ ಮರಳು ಲಾರಿಯವರನ್ನು ಒಂದು ವಾರ ಅದರ ಬಳಿ ತರಬೇತಿಗೆ ಬಿಡಬೇಕು. ಕೊಂಡುಕುರಿ ಒಪ್ಪಿದರೆ!